ಮುಂದೇನು? ಕಲಬುರಗಿ, ಬೀದರ್, ಯಾದಗಿರಿಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಸಂಘದ ಆಡಳಿತ ಮಂಡಳಿಯಲ್ಲಿ ನಾನೊಬ್ಬ ಸದಸ್ಯೆ. ಎಂಕಾಂ ಓದಿದ್ದು ಇಲ್ಲೇ. ಈಗ ಹೈದರಾಬಾದಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗ ನೋಡಿಕೊಳ್ಳುತ್ತೇನೆ. ಆ ವಿಭಾಗಕ್ಕೆ ಹೊಸಬರನ್ನು ಆರಿಸುವವಳೂ ನಾನೇ. ತಿಂಗಳಿಗೊಮ್ಮೆ ರೈಲು ಹತ್ತಿ ಊರಿಗೆ ಬಂದು ವಿದ್ಯಾರ್ಥಿಗಳ ಜೊತೆ ಕೂರುತ್ತೇನೆ. ಪ್ರತಿ ಸಲವೂ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಅಲ್ಲಿಗೆ ಬರಲಾಗದವರಿಗಾಗಿ ಬರೆದಿಟ್ಟಿದ್ದೇನೆ.

ಬೇರೆ ಊರಿನ ಹುಡುಗರಿಗೆ ಎಲ್ಲ ಗೊತ್ತಿರುತ್ತದೆ, ನಮಗೆ ಯಾಕೆ ಗೊತ್ತಿರುವುದಿಲ್ಲ? ನಾವೇ ದಡ್ಡರಾ?

ಅಲ್ಲ. ನಿಮಗೆ ಕೇಳೋಕೆ ಮನೆಯಲ್ಲಿ ಒಬ್ಬರಿಲ್ಲ, ಅಷ್ಟೇ.

ನಮ್ಮಪ್ಪ ಗಂಜ್‌ನಲ್ಲಿ ಹಮಾಲಿ ಮಾಡುತ್ತಿದ್ದರು, ಅಂದರೆ ದವಸದ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದರು. ಅವ್ವ ಶಾಲೆಗೆ ಹೋದವಳಲ್ಲ. ಡಿಗ್ರಿ ಆದ ಮೇಲೆ ಯಾವ ಅರ್ಜಿ ಹಾಕಬೇಕು, ಸಂದರ್ಶನಕ್ಕೆ ಕರೆದರೆ ಏನು ಒಯ್ಯಬೇಕು, ಸಂಬಳ ಎಷ್ಟು ಕೇಳಬೇಕು, ಇದನ್ನೆಲ್ಲ ಹೇಳುವವರು ನಮ್ಮ ಮನೆಯಲ್ಲೂ ಇರಲಿಲ್ಲ, ಓಣಿಯಲ್ಲೂ ಇರಲಿಲ್ಲ. ನನ್ನ ಜೊತೆ ಕೆಲಸಕ್ಕೆ ಸೇರಿದ ಇನ್ನೊಬ್ಬ ಹುಡುಗಿಯ ಅಪ್ಪ ಬ್ಯಾಂಕ್ ಮ್ಯಾನೇಜರ್. ನಾನು ಮೂರು ವರ್ಷ ಎಡವಿ ಎಡವಿ ಕಲಿತದ್ದನ್ನು ಅವಳು ರಾತ್ರಿ ಊಟಕ್ಕೆ ಕೂತಾಗ ಕೇಳಿಕೊಂಡೇ ಬೆಳೆದಿದ್ದಳು. ಅವಳು ನನಗಿಂತ ಜಾಣೆ ಆಗಿರಲಿಲ್ಲ. ಸಂಘಕ್ಕೆ ನಾನು ಸೇರಿದ್ದು ಇದೊಂದೇ ಕಾರಣಕ್ಕೆ. ಮನೆಯಲ್ಲಿ ಕೇಳೋಕೆ ಯಾರೂ ಇಲ್ಲದವರು ಬಂದು ನನ್ನನ್ನು ಕೇಳಲಿ ಅಂತ. ಸಣ್ಣ ಪ್ರಶ್ನೆ ಅಂತ ನಾಚಿಕೊಳ್ಳಬೇಡಿ. ಸಣ್ಣ ಪ್ರಶ್ನೆಗಳಿಗೇ ನಾನು ಜಾಸ್ತಿ ಕಷ್ಟಪಟ್ಟದ್ದು.

ಸಂಘದವರು ನೌಕರಿ ಕೊಡಿಸುತ್ತೀರಾ?

ಇಲ್ಲ. ಯಾರಿಗೂ ಕೊಡಿಸುವುದಿಲ್ಲ, ಕೊಡಿಸುತ್ತೇವೆ ಅಂತ ಹೇಳುವುದೂ ಇಲ್ಲ. ನಾವು ಮಾಡುವುದು ಮೂರು ಕೆಲಸ. ನಿಮ್ಮ ಬಯೋಡೇಟಾ ಓದಿ ತಿದ್ದುತ್ತೇವೆ. ನಿಮಗೆ ಬೇಕಾದ ಕ್ಷೇತ್ರದಲ್ಲಿ ಕೆಲಸ ಮಾಡುವ ನಮ್ಮದೇ ಹಳೆ ವಿದ್ಯಾರ್ಥಿಯ ಪರಿಚಯ ಮಾಡಿಸುತ್ತೇವೆ. ಸಂದರ್ಶನಕ್ಕೆ ಮುಂಚೆ ಕೂರಿಸಿಕೊಂಡು ಪ್ರಶ್ನೆ ಕೇಳಿ ತಯಾರು ಮಾಡುತ್ತೇವೆ. ಕೆಲಸ ಗಿಟ್ಟಿಸುವುದು ನಿಮ್ಮ ಕೈಯಲ್ಲೇ ಇದೆ.

ಹಳೆ ವಿದ್ಯಾರ್ಥಿಗಳಿಗೆ ಮೆಸೇಜ್ ಮಾಡಿದರೆ ಉತ್ತರವೇ ಬರುವುದಿಲ್ಲ. ಯಾಕೆ?

ನನ್ನ ಫೋನಿಗೆ ಬರುವ ಮೆಸೇಜ್ ಹೇಗಿರುತ್ತದೆ ಹೇಳುತ್ತೇನೆ. ಬೆಳಿಗ್ಗೆ "ಹಾಯ್ ಮೇಡಂ". ಮಧ್ಯಾಹ್ನ ಮತ್ತೊಂದು "ಹಾಯ್". ಸಂಜೆ "ಯಾವ್ದಾರ ಜಾಬ್ ಇದ್ರ ಹೇಳ್ರಿ". ಹೆಸರಿಲ್ಲ, ಊರಿಲ್ಲ, ಏನು ಓದಿದ್ದಾರೆ ಗೊತ್ತಿಲ್ಲ. ಇದಕ್ಕೆ ನಾನು ಏನಂತ ಉತ್ತರ ಬರೆಯಲಿ? ಒಳ್ಳೆಯ ಹುಡುಗನೇ ಇರುತ್ತಾನೆ, ಆದರೆ ಅದು ಆ ಮೆಸೇಜಿನಲ್ಲಿ ಕಾಣುವುದಿಲ್ಲ.

ಹೋದ ವರ್ಷ ಶಹಾಪುರ ಕಡೆಯ ಒಬ್ಬ ಹುಡುಗಿ ಬರೆದದ್ದು ಹೀಗಿತ್ತು: "ನಮಸ್ಕಾರ ಮೇಡಂ. ನಾನು ಬಿಎಸ್ಸಿ ಕೊನೆಯ ವರ್ಷ, ರಸಾಯನಶಾಸ್ತ್ರ. ಕಡೇಚೂರಿನ ಔಷಧ ಕಾರ್ಖಾನೆಗಳಲ್ಲಿ ಗುಣಮಟ್ಟ ಪರೀಕ್ಷೆ ವಿಭಾಗಕ್ಕೆ ಅರ್ಜಿ ಹಾಕಬೇಕು ಅಂತಿದ್ದೇನೆ. ಅಲ್ಲಿ ಹುಡುಗಿಯರಿಗೆ ರಾತ್ರಿ ಪಾಳಿ ಇರುತ್ತದಾ, ಲ್ಯಾಬಿನ ಯಾವ ಯಂತ್ರ ಕಲಿತಿದ್ದರೆ ಒಳ್ಳೆಯದು, ಈ ಎರಡೇ ಪ್ರಶ್ನೆ. ಭಾನುವಾರ ಹತ್ತು ನಿಮಿಷ ಫೋನ್ ಮಾಡಬಹುದಾ?" ನನಗೆ ಔಷಧ ಕಾರ್ಖಾನೆಯ ಗಂಧಗಾಳಿ ಗೊತ್ತಿಲ್ಲ. ಆದರೂ ಅವತ್ತೇ ಇಬ್ಬರಿಗೆ ಫೋನ್ ಮಾಡಿ, ಗೊತ್ತಿರುವ ಒಬ್ಬರನ್ನು ಹುಡುಕಿಕೊಟ್ಟೆ. ಆ ಹುಡುಗಿ ತನ್ನ ಅರ್ಧ ಕೆಲಸ ತಾನೇ ಮಾಡಿಕೊಂಡು ಬಂದಿದ್ದಳು. ಉಳಿದರ್ಧ ಮಾಡಿಕೊಡಲು ಯಾರಿಗೂ ಬೇಜಾರಾಗುವುದಿಲ್ಲ.

ನೀವು ಯಾರು, ಏನು ಓದುತ್ತಿದ್ದೀರಿ, ಏನು ತಿಳಿಯಬೇಕು, ಎಷ್ಟು ಹೊತ್ತು ಬೇಕು. ಇಷ್ಟು ಬರೆಯಿರಿ. ಮೊದಲ ಮಾತಿನಲ್ಲೇ ನೌಕರಿ ಕೇಳಬೇಡಿ, ವಿಷಯ ಕೇಳಿ. ವಾರದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ತಪ್ಪು ತಿಳಿದುಕೊಳ್ಳುವುದಿಲ್ಲ. ಮತ್ತೆ, ಅವರು ಹೇಳಿದಂತೆ ಮಾಡಿದ ಮೇಲೆ ಏನಾಯಿತು ಅಂತ ಎರಡು ಸಾಲು ತಿಳಿಸಿ. ಇದನ್ನು ಮಾಡುವವರು ಬಹಳ ಕಡಿಮೆ. ಮಾಡಿದವರ ಹೆಸರು ನನಗೆ ವರ್ಷಗಟ್ಟಲೆ ನೆನಪಿರುತ್ತದೆ.

ಬಯೋಡೇಟಾದಲ್ಲಿ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಏನು ಮಾಡಲಿ?

ಅಫಜಲಪುರ ತಾಲೂಕಿನ ಒಬ್ಬ ಬಿಕಾಂ ಹುಡುಗ ನನ್ನ ಮುಂದೆ ಒಂದು ಹಾಳೆ ಇಟ್ಟ. ಮೇಲೆ ಎಲ್ಲಿಂದಲೋ ನಕಲು ಮಾಡಿದ ನಾಲ್ಕು ಸಾಲು ಇಂಗ್ಲಿಷ್. ಅದರ ಅರ್ಥ ಕೇಳಿದರೆ ಅವನಿಗೇ ಗೊತ್ತಿಲ್ಲ. ಕೆಳಗೆ ಅಂಕಗಳು. ಹವ್ಯಾಸ ಕ್ರಿಕೆಟ್. ಅನುಭವ ಅನ್ನುವ ಕಡೆ "ಇಲ್ಲ" ಅಂತ ಬರೆದಿದ್ದ.

"ರಜೆ ಒಳಗ ಏನ್ ಮಾಡ್ತೀಯಪ್ಪಾ?" ಅಂತ ಕೇಳಿದೆ. "ಏನಿಲ್ರಿ ಮೇಡಂ, ಗಂಜಿನ್ಯಾಗ ನಮ್ಮ ಮಾಮಾರ ಅಡತ್ ಅಂಗಡಿ ಅದ, ಅಲ್ಲಿ ಕೂಡ್ತೀನ್ರಿ." ಅಡತ್ ಅಂದರೆ ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ ಅಂಗಡಿ. ಕೂತು ಏನು ಮಾಡುತ್ತಾನೆ ಅಂತ ಬಿಡಿಸಿ ಬಿಡಿಸಿ ಕೇಳಿದೆ. ತೊಗರಿ ಸುಗ್ಗಿಯಲ್ಲಿ ಬೆಳಗಿನಿಂದ ರೈತರು ಚೀಲ ತರುತ್ತಾರೆ. ತೂಕ ಬರೆದುಕೊಳ್ಳುವವನು ಇವನೇ. ಹಮಾಲಿ ಕಳೆದು ಪ್ರತಿ ರೈತನಿಗೂ ಪಟ್ಟಿ ಮಾಡಿಕೊಡುವವನೂ ಇವನೇ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ತೂಕದ ಪುಸ್ತಕಕ್ಕೂ ಕೊಟ್ಟ ದುಡ್ಡಿಗೂ ತಾಳೆ ನೋಡಬೇಕು. ಒಂದು ರೂಪಾಯಿ ಹೆಚ್ಚು ಕಡಿಮೆ ಬಂದರೂ ಮಾಮ ಮನೆಗೆ ಬಿಡುವುದಿಲ್ಲ. ಮಿಲ್ಲಿಗೆ ಮಾಲು ಹೋಗುವಾಗ ಬಿಲ್ಲು, ಇ-ವೇ ಬಿಲ್ಲು ಕಂಪ್ಯೂಟರಿನಲ್ಲಿ ತೆಗೆಯುವವನೂ ಇವನೇ. ಹೀಗೆ ಎರಡು ಸುಗ್ಗಿ.

"ಇದನ್ನ ಯಾಕ ಬರ್ದಿಲ್ಲ?" ಅಂದೆ. "ಅದೇನ್ ಬರಿಯೂದ್ರಿ, ಮನಿ ಕೆಲಸ ಇದ್ದಂಗ."

ಕಂಪನಿಗೆ ಬೇಕಾದದ್ದು ಅದೇ ಕೆಲಸ! ಲೆಕ್ಕಕ್ಕೆ ಒಬ್ಬ ಹೊಸ ಹುಡುಗ ಬೇಕು ಅಂತ ನಾನು ಹುಡುಕುವಾಗ, ರಾತ್ರಿ ಒಂದು ರೂಪಾಯಿಗೂ ತಾಳೆ ಹಾಕಿ ಏಳುವವನನ್ನೇ ಹುಡುಕುತ್ತೇನೆ. ಮೇಲಿನ ನಾಲ್ಕು ಸಾಲು ಹೊಡೆದು ಹಾಕಿದೆವು. ಎರಡು ಸುಗ್ಗಿ ಏನೇನು ಮಾಡಿದ, ದಿನಕ್ಕೆ ಎಷ್ಟು ಪಟ್ಟಿ ಬರೆದ, ಯಾವ ಸಾಫ್ಟ್‌ವೇರ್ ಬಳಸಿದ, ಎಲ್ಲವನ್ನೂ ಅವನದೇ ಮಾತಿನಲ್ಲಿ ಸರಳ ಇಂಗ್ಲಿಷಿಗೆ ಇಳಿಸಿದೆವು. ಅರ್ಧ ಪುಟ ತುಂಬಿತು.

ನಿಮ್ಮ ಬಯೋಡೇಟಾಕ್ಕೂ ಇದೇ ಮಾತು. ಹೊಲದ ಲೆಕ್ಕ ಇಟ್ಟಿದ್ದೀರಾ? ಓಣಿ ಮಕ್ಕಳಿಗೆ ಟ್ಯೂಷನ್ ಹೇಳಿದ್ದೀರಾ? ಅವ್ವನ ಸ್ವಸಹಾಯ ಸಂಘದ ಪುಸ್ತಕ ಬರೆದಿದ್ದೀರಾ? ಹಾಸ್ಟೆಲ್ಲಿನ ಮೆಸ್ ಕಮಿಟಿಯಲ್ಲಿ ಇದ್ದಿರಾ? ಬರೆಯಿರಿ. ಮಾಡದೇ ಇದ್ದದ್ದನ್ನು ಮಾತ್ರ ಒಂದಕ್ಷರ ಬರೆಯಬೇಡಿ. ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಹೆಸರಿನಲ್ಲಿ ವ್ಯತ್ಯಾಸ ಇದ್ದರೆ ತೊಂದರೆ ಆಗುತ್ತದಾ?

ಆಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಒಂದು, ಡಿಗ್ರಿಯಲ್ಲಿ ಇನ್ನೊಂದು. ನಮ್ಮ ಕಡೆ ಇದು ಮನೆ ಮನೆಯ ಕಥೆ. ಓದುತ್ತಿರುವಾಗಲೇ ಸರಿ ಮಾಡಿಸಿಕೊಳ್ಳಿ. ನೇಮಕಾತಿ ಆದೇಶ ಕೈಗೆ ಬಂದ ಮೇಲೆ ಓಡಾಡಲು ಟೈಮ್ ಇರುವುದಿಲ್ಲ.

ನಾನು ಕನ್ನಡ ಮಾಧ್ಯಮ. ಇಂಗ್ಲಿಷ್ ಮಾತಾಡಲು ಬಾಯಿ ಏಳುವುದಿಲ್ಲ.

ಈ ಪ್ರಶ್ನೆ ಕೇಳುವಾಗ ಮಕ್ಕಳು ತಲೆ ತಗ್ಗಿಸುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಾನೂ ಕನ್ನಡ ಮಾಧ್ಯಮ. ಮೊದಲ ಕೆಲಸದಲ್ಲಿ ಬೇರೆ ಆಫೀಸಿಗೆ ಫೋನ್ ಮಾಡುವ ಮುಂಚೆ ಹೇಳಬೇಕಾದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಚೀಟಿ ಮೇಲೆ ಬರೆದುಕೊಳ್ಳುತ್ತಿದ್ದೆ. ಎದುರಿನವರು ಏನು ಕೇಳಬಹುದು, ಅದಕ್ಕೆ ನಾನು ಏನು ಹೇಳಬೇಕು, ಅದೂ ಚೀಟಿಯಲ್ಲೇ. ಆರು ತಿಂಗಳಾದ ಮೇಲೆ ಚೀಟಿ ಬೇಕಾಗಲಿಲ್ಲ.

ಇಂಗ್ಲಿಷ್ ಪೂರ್ತಿ ಕಲಿಯಲು ಹೋಗಬೇಡಿ. ನಿಮ್ಮ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಕಲಿಯಿರಿ. ನಿಮ್ಮ ಊರು, ಓದು, ಮಾಡಿದ ಪ್ರಾಜೆಕ್ಟ್, ಯಾಕೆ ಈ ಕೆಲಸ ಬೇಕು, ಇವುಗಳ ಬಗ್ಗೆ ಎರಡೆರಡು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳಿ. ಮತ್ತೆ ಮಾಡಿ. ನಾಚಿಕೆ ಆದರೆ ಬಾಗಿಲು ಹಾಕಿಕೊಂಡು ಮಾಡಿ. ಸಂದರ್ಶನದಲ್ಲಿ ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ, ಯಾರೂ ಅಂಕ ಕಳೆಯುವುದಿಲ್ಲ.

ಇನ್ನೊಂದು ಮಾತು. ಹುಮನಾಬಾದ್‌ನ ಒಬ್ಬ ವಿದ್ಯಾರ್ಥಿನಿ ಬಯೋಡೇಟಾದಲ್ಲಿ ಭಾಷೆಗಳು ಅನ್ನುವ ಕಡೆ ಕನ್ನಡ, ಇಂಗ್ಲಿಷ್ ಅಂತ ಎರಡೇ ಬರೆದಿದ್ದಳು. ಮಾತಾಡುತ್ತಾ ಕೂತಾಗ ಜಹೀರಾಬಾದಿನ ಚಿಕ್ಕಮ್ಮನ ಫೋನ್ ಬಂತು, ತೆಲುಗಿನಲ್ಲಿ ಮಾತಾಡಿದಳು. ಪಕ್ಕದ ಗೆಳತಿಯ ಜೊತೆ ದಖನಿ ಉರ್ದು. ಅಜ್ಜಿ ಉದಗೀರಿನವರಂತೆ, ಮನೆಯಲ್ಲಿ ಮರಾಠಿಯೂ ನಡೆಯುತ್ತದೆ. ಐದು ಭಾಷೆ ಬರುವ ಹುಡುಗಿ ತನಗೆ ಭಾಷೆ ಬರುವುದಿಲ್ಲ ಅಂತ ಅಳುತ್ತಿದ್ದಳು! ಬ್ಯಾಂಕಿನ ಕೌಂಟರ್, ಆಸ್ಪತ್ರೆಯ ಸ್ವಾಗತ ವಿಭಾಗ, ಗ್ರಾಹಕ ಸೇವೆ, ಮಾರಾಟ, ಯಾವುದೇ ಇರಲಿ, ನಮ್ಮ ಮೂರು ಜಿಲ್ಲೆಯ ಮಕ್ಕಳಿಗೆ ಹುಟ್ಟಿನಿಂದ ಬಂದ ಈ ಗಂಟನ್ನು ಬೇರೆಯವರು ದುಡ್ಡು ಕೊಟ್ಟು ಕಲಿಯಬೇಕು. ದಯವಿಟ್ಟು ಬರೆದುಕೊಳ್ಳಿ.

ಕನ್ನಡದಲ್ಲೇ ಬರೆಯಬಹುದಾದ ಕೇಂದ್ರ ಮಟ್ಟದ ಪರೀಕ್ಷೆಗಳೂ ಈಗ ಇವೆ. ಬ್ಯಾಂಕ್ ಕ್ಲರ್ಕ್, ಗ್ರಾಮೀಣ ಬ್ಯಾಂಕ್, ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗಳಲ್ಲಿ ಕನ್ನಡ ಆರಿಸಿಕೊಳ್ಳಬಹುದು. ಇಂಗ್ಲಿಷ್ ವಿಷಯದ ಭಾಗ ಇರುವ ಕಡೆ ಅದನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆಯಬೇಕು. ಎಷ್ಟೋ ಜನ ಇದು ಗೊತ್ತಿಲ್ಲದೇ ಅರ್ಜಿಯನ್ನೇ ಹಾಕುವುದಿಲ್ಲ.

371ಜೆ ಅಂದರೆ ಏನು? ನನಗೆ ಅದರಿಂದ ಏನು ಸಿಗುತ್ತದೆ?

ಇದು ಸಂವಿಧಾನದ ಒಂದು ವಿಧಿ. 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಬಂದ ವಿಶೇಷ ಸ್ಥಾನಮಾನ. ಆಗ ಹೈದರಾಬಾದ್ ಕರ್ನಾಟಕ ಅನ್ನುತ್ತಿದ್ದೆವು, 2019ರಿಂದ ಕಲ್ಯಾಣ ಕರ್ನಾಟಕ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಆಮೇಲೆ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಈ ಜಿಲ್ಲೆಗಳ ಸ್ಥಳೀಯರಿಗೆ ಅನ್ವಯಿಸುತ್ತದೆ. ಇದಕ್ಕಾಗಿ ನಮ್ಮ ಹಿರಿಯರು ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದ್ದಾರೆ. ಅದಕ್ಕೇ ನೀವು ಇದನ್ನು ಸರಿಯಾಗಿ ತಿಳಿದುಕೊಂಡಿರಬೇಕು ಅನ್ನುವುದು ನನ್ನ ಆಸೆ.

2013ರ ನಿಯಮಗಳ ಪ್ರಕಾರ ಈ ಭಾಗದ ರಾಜ್ಯ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಗ್ರೂಪ್ ಬಿಯಲ್ಲಿ ಶೇ. 75, ಗ್ರೂಪ್ ಸಿಯಲ್ಲಿ ಶೇ. 80, ಗ್ರೂಪ್ ಡಿಯಲ್ಲಿ ಶೇ. 85 ಮೀಸಲು. ರಾಜ್ಯ ಮಟ್ಟದ ಕಚೇರಿಗಳಲ್ಲಿ ಶೇ. 8. ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಈ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದ ಕಡೆ ಶೇ. 8.

ಇದರ ಲಾಭ ಬೇಕಾದರೆ ಅರ್ಹತಾ ಪ್ರಮಾಣ ಪತ್ರ ಇರಲೇಬೇಕು. ಅದನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು, ಅಂದರೆ ಎಸಿ ಆಫೀಸು. ಕೊನೆಯ ದಿನಾಂಕದ ಹಿಂದಿನ ವಾರ ಅಲ್ಲಿ ಹೋಗಿ ನಿಂತರೆ ಆಗುವುದಿಲ್ಲ. ದ್ವಿತೀಯ ಪಿಯುಸಿ ಹೊತ್ತಿಗೇ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿಡಿ. ಅಣ್ಣನದು ಇದೆ ಅಂತ ನೆಚ್ಚಿಕೊಂಡು ಕೂತವರನ್ನು ನೋಡಿದ್ದೇನೆ. ಅದು ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಬೇಕು.

ಬಹಳ ಜನ ತಪ್ಪು ತಿಳಿದಿರುವುದು ಇದು: ರೈಲ್ವೆ, ಬ್ಯಾಂಕ್, ಕೇಂದ್ರ ಸರ್ಕಾರದ ನೇಮಕಾತಿ, ಖಾಸಗಿ ಕಂಪನಿ, ಇಲ್ಲೆಲ್ಲ 371ಜೆ ಇಲ್ಲ.

ಸರ್ಕಾರಿ ನೌಕರಿಗೆ ಓದುತ್ತಿದ್ದೇನೆ. ಎಷ್ಟು ವರ್ಷ ಓದಬಹುದು?

ಇದಕ್ಕೆ ನನ್ನ ಉತ್ತರ ಕೆಲವರಿಗೆ ಇಷ್ಟ ಆಗುವುದಿಲ್ಲ. ಆದರೂ ಹೇಳುತ್ತೇನೆ. ಪೂರ್ತಿ ಹೊತ್ತು ಓದಿಗೇ ಕೂರುವುದಾದರೆ ಎರಡು ವರ್ಷ. ಆಮೇಲೆ ಏನಾದರೂ ಕೆಲಸಕ್ಕೆ ಸೇರಿಕೊಂಡು ಓದಿ.

ರೀಡಿಂಗ್ ರೂಮುಗಳಲ್ಲಿ ಬೆಳಿಗ್ಗೆ ಆರಕ್ಕೆ ಬಂದು ರಾತ್ರಿ ಹತ್ತಕ್ಕೆ ಏಳುವ ಮಕ್ಕಳನ್ನು ನೋಡಿದ್ದೇನೆ. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಕುರ್ಚಿ ಮೇಲೆ ಮಡಚಿಟ್ಟ ದಿಂಬು. ಅವರ ಶ್ರಮದ ಬಗ್ಗೆ ನನಗೆ ಎರಡು ಮಾತಿಲ್ಲ. ಅಧಿಸೂಚನೆ ಬಂದು, ಪರೀಕ್ಷೆ ಆಗಿ, ಆಯ್ಕೆ ಪಟ್ಟಿ ಹೊರಬಿದ್ದು, ಯಾರೋ ಕೋರ್ಟಿಗೆ ಹೋಗಿ, ಕೊನೆಗೆ ಆದೇಶ ಕೈಗೆ ಸಿಗುವ ಹೊತ್ತಿಗೆ ವರ್ಷಗಳೇ ಹಿಡಿಯಬಹುದು. ಅದು ನಿಮ್ಮ ಕೈಯಲ್ಲಿಲ್ಲ. ಆದರೆ ನಿಮ್ಮ ವಯಸ್ಸು ನಿಲ್ಲುವುದಿಲ್ಲ, ಮನೆಯ ಖರ್ಚೂ ನಿಲ್ಲುವುದಿಲ್ಲ. 29ನೇ ವಯಸ್ಸಿಗೆ ಒಂದು ದಿನದ ಅನುಭವವೂ ಇಲ್ಲದೇ ಖಾಸಗಿ ಕೆಲಸಕ್ಕೆ ಬಂದ ಹುಡುಗನಿಗೆ ಉತ್ತರ ಕೊಡುವುದು ನನಗೆ ಬಹಳ ಕಷ್ಟ. ಅವನು ಒಳ್ಳೆಯ ಹುಡುಗನೇ.

ಕೆಲಸ ಮಾಡುತ್ತಾ ಓದಿ ಪಾಸಾದವರು ನಮ್ಮ ಸಂಘದಲ್ಲೇ ಇದ್ದಾರೆ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಆದವರಿದ್ದಾರೆ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆದವರಿದ್ದಾರೆ. ಕೇಳಿದರೆ ಅವರ ದಿನಚರಿ ಹೇಳುತ್ತಾರೆ.

ಕಲಬುರಗಿಯಲ್ಲೇ ಇರಬೇಕು. ಇಲ್ಲಿ ಏನು ಕೆಲಸ ಇದೆ?

ಇದೆ. ಹುಡುಕುವ ಜಾಗ ಬೇರೆ, ಅಷ್ಟೇ. ಇಲ್ಲಿನ ಕೆಲಸಗಳು ಆನ್‌ಲೈನಿನಲ್ಲಿ ಜಾಸ್ತಿ ಕಾಣಿಸುವುದಿಲ್ಲ. ನಡೆದು ಹೋಗಿ ಕೇಳಬೇಕು.

ತೊಗರಿಯಿಂದಲೇ ಶುರು ಮಾಡುತ್ತೇನೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಈ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ದಾಲ್ ಮಿಲ್ಲು ಅಂದರೆ ಬರೀ ಚೀಲ ಹೊರುವ ಜಾಗ ಅಂತ ತಿಳಿಯಬೇಡಿ. ಕಾಳು ಬಣ್ಣ ನೋಡಿ ಬೇರೆ ಮಾಡುವ ಯಂತ್ರ ನಡೆಸುವವರು ಬೇಕು, ತೇವಾಂಶ ಪರೀಕ್ಷೆ ಮಾಡುವವರು ಬೇಕು, ಜಿಎಸ್‌ಟಿ ಕಟ್ಟುವವರು ಬೇಕು. ಬೇರೆ ರಾಜ್ಯದ ವ್ಯಾಪಾರಿಗಳ ಜೊತೆ ಹಿಂದಿಯಲ್ಲಿ ದರ ಮಾತಾಡುವವರು ಬೇಕು. ಪ್ಯಾಕೆಟ್ ಮಾಡಿ, ಹೆಸರಿಟ್ಟು, ನೇರ ಮನೆಗೆ ಮಾರುವ ಹೊಸ ಹುಡುಗರೂ ಬರುತ್ತಿದ್ದಾರೆ. ಬಿಕಾಂ, ಬಿಬಿಎ ಮಕ್ಕಳು ಇದನ್ನು ಬಿಟ್ಟು ಬೆಂಗಳೂರಿನ ಕಾಲ್ ಸೆಂಟರ್ ಒಂದನ್ನೇ ಯಾಕೆ ನೋಡುತ್ತಾರೆ ಅಂತ ನನಗೆ ಬೇಸರ.

ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು. ಇಲ್ಲಿ ಎಂಜಿನಿಯರುಗಳ ಜೊತೆ ಲ್ಯಾಬ್, ಸ್ಟೋರ್ಸ್, ಸಾಗಣೆ, ಲೆಕ್ಕ, ಸುರಕ್ಷತೆ ವಿಭಾಗಗಳೂ ಇವೆ. ಐಟಿಐ, ಡಿಪ್ಲೊಮಾ, ಡಿಗ್ರಿ ಆದವರು ಅಪ್ರೆಂಟಿಸ್ ಆಗಿ ಸೇರಲು ನೋಡಿ. ಕಲಿಯುವಾಗಲೇ ಸ್ಟೈಪೆಂಡ್ ಬರುತ್ತದೆ, ಪ್ರಮಾಣ ಪತ್ರವೂ ಬರುತ್ತದೆ.

ನಗರದಲ್ಲಿ ಇಎಸ್‌ಐ, ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್, ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ, ಜೊತೆಗೆ ಖಾಸಗಿ ಆಸ್ಪತ್ರೆಗಳು. ಆಸ್ಪತ್ರೆ ಅಂದರೆ ಡಾಕ್ಟರು, ನರ್ಸು ಮಾತ್ರ ಅಲ್ಲ. ಬಿಲ್ಲಿಂಗ್, ದಾಖಲೆ, ವಿಮೆಯ ಕಾಗದಪತ್ರ, ಲ್ಯಾಬ್, ಎಲ್ಲಕ್ಕೂ ಜನ ಬೇಕು. ಹೈಕೋರ್ಟ್ ಪೀಠ 2008ರಿಂದ ಇಲ್ಲಿದೆ, ಕಾನೂನು ಓದಿದವರು ಧಾರವಾಡಕ್ಕೋ ಬೆಂಗಳೂರಿಗೋ ಹೋಗಲೇಬೇಕು ಅಂತಿಲ್ಲ.

ಯಾದಗಿರಿಯವರಿಗೆ ಕಡೇಚೂರು ಕೈಗಾರಿಕಾ ಪ್ರದೇಶ ಇದೆ. ರಸಾಯನಶಾಸ್ತ್ರ ಓದಿದವರಿಗೆ ಅಲ್ಲಿ ಕೆಲಸ ಸಿಗುತ್ತದೆ. ಆದರೆ ಸೇರುವ ಮುಂಚೆ ಕೈಗವಸು, ಮಾಸ್ಕ್, ಕನ್ನಡಕ ಕೊಡುತ್ತಾರಾ, ಗಾಳಿಯಾಡುವ ವ್ಯವಸ್ಥೆ ಇದೆಯಾ, ಅಪಘಾತವಾದರೆ ಯಾರು ನೋಡುತ್ತಾರೆ ಅಂತ ಬಾಯಿಬಿಟ್ಟು ಕೇಳಿ. ಸಂಬಳಕ್ಕಿಂತ ಮೊದಲು ಕೇಳಿ. ಬೀದರಿನವರಿಗೆ ಕೊಳ್ಹಾರ ಕೈಗಾರಿಕಾ ಪ್ರದೇಶ ಇದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಕೈಗೆಟಕುವ ದೂರದಲ್ಲಿ ಹೈದರಾಬಾದ್ ಇದೆ.

ಹೈದರಾಬಾದ್ ಒಳ್ಳೆಯದಾ, ಬೆಂಗಳೂರಾ, ಪುಣೆಯಾ?

ಕೆಲಸ ಎಲ್ಲಿ ಸಿಗುತ್ತದೋ ಅಲ್ಲಿ. ಎರಡೂ ಕಡೆ ಸಿಕ್ಕಿದರೆ ಮನೆಯ ಪರಿಸ್ಥಿತಿ ನೋಡಿ. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ. ಅಪ್ಪನಿಗೆ ಹುಷಾರಿಲ್ಲ ಅಂದರೆ ಅವತ್ತೇ ಬಂದು ಮುಟ್ಟಬಹುದು. ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ. ನಾನು ಹೈದರಾಬಾದ್ ಆರಿಸಿದ್ದು ಅದಕ್ಕೇ. ಅವ್ವನ ಕೊನೆಯ ಎರಡು ವರ್ಷ ಪ್ರತಿ ಶನಿವಾರ ಮನೆಯಲ್ಲಿದ್ದೆ.

ಸಂಬಳ ಹೋಲಿಸುವಾಗ ಕಾಗದದ ಮೇಲಿನ ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ನೋಡಬೇಡಿ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಕೂಡ ಸೇರಿರುತ್ತದೆ. ನಿಮ್ಮ ಮೂಲ ವೇತನದ ಶೇ. 12 ಪಿಎಫ್ ಅಂತ ಬೇರೆ ಕಡಿತ ಆಗುತ್ತದೆ. ಕೈಗೆ ಬರುವುದು ಎಷ್ಟು ಅಂತ ನೇರ ಕೇಳಿ. ಅದರಲ್ಲಿ ರೂಮಿನ ಬಾಡಿಗೆ, ಊಟ, ಬಸ್ಸು, ಊರಿಗೆ ಕಳಿಸುವ ದುಡ್ಡು ಕಳೆಯಿರಿ.

ನಾನು ಬಿಎ. ನನಗೆ ಏನೂ ಇಲ್ಲ ಅನ್ನುತ್ತಾರೆ.

ಹಾಗೆ ಅಂದವರ ಮಾತು ಕೇಳಬೇಡಿ. ಆದರೆ ಬಿಎ ಜೊತೆಗೆ ಕೈಗೊಂದು ಕಸುಬು ಬೇಕು, ಅದನ್ನು ಒಪ್ಪಿಕೊಳ್ಳಿ. ಕನ್ನಡ ಚೆನ್ನಾಗಿ ಬರೆಯುವವರಿಗೆ ಅನುವಾದ, ಕರಡು ತಿದ್ದುವುದು, ಸಬ್‌ಟೈಟಲ್, ಸುದ್ದಿಮನೆ ಕೆಲಸ ಇದೆ. ಅದಕ್ಕೆ ಯುನಿಕೋಡ್ ಟೈಪಿಂಗ್ ಸರಾಗ ಆಗಬೇಕು. ಸಮಾಜಶಾಸ್ತ್ರ ಓದಿದವರು ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಬೇಕು. ಬಿಎಡ್ ಮಾಡುವವರು ಕಲಿಸುವುದು ಇಷ್ಟವಿದ್ದರೆ ಮಾತ್ರ ಮಾಡಿ. ಇತಿಹಾಸದವರಿಗೆ ಒಂದು ಮಾತು. ರಾಷ್ಟ್ರಕೂಟರ ಮಳಖೇಡ, ಅಶೋಕನ ಶಿಲ್ಪ ಸಿಕ್ಕ ಸನ್ನತಿ ಪಕ್ಕದ ಕನಗನಹಳ್ಳಿ, ಬಹಮನಿಗಳ ಕಲಬುರಗಿ ಮತ್ತು ಬೀದರ್ ಕೋಟೆ, ಎಲ್ಲ ನಿಮ್ಮ ಬಸ್ ಪಾಸಿನ ದೂರದಲ್ಲೇ ಇವೆ. ಹೋಗಿ ನೋಡದೇ ಡಿಗ್ರಿ ಮುಗಿಸಬೇಡಿ. ಅದನ್ನು ಹತ್ತು ಜನರಿಗೆ ವಿವರಿಸಲು ಬರುವವನಿಗೆ ಪ್ರವಾಸೋದ್ಯಮದಲ್ಲಿ ದಾರಿ ಇದೆ.

ಎಂಎ, ಎಂಎಸ್ಸಿ ಮಾಡಲಾ?

ಕಾಲೇಜಿನಲ್ಲಿ ಪಾಠ ಹೇಳಬೇಕು ಅಥವಾ ಸಂಶೋಧನೆ ಮಾಡಬೇಕು ಅಂತಿದ್ದರೆ ಮಾಡಿ. ಮನೆಯಲ್ಲಿ ಸುಮ್ನೆ ಕೂರುವ ಬದಲು ಅಂತ ಮಾಡಬೇಡಿ. ಡಿಗ್ರಿ ಕಾಲೇಜಿನ ಉಪನ್ಯಾಸಕರಾಗಲು ಎನ್‌ಇಟಿ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಎರಡಕ್ಕೂ ಸ್ನಾತಕೋತ್ತರದಲ್ಲಿ ಶೇ. 55 ಅಂಕ, ಮೀಸಲು ವರ್ಗದವರಿಗೆ ಶೇ. 50. ಕೆ-ಸೆಟ್ ಕರ್ನಾಟಕಕ್ಕೆ, ಎನ್‌ಇಟಿ ದೇಶಕ್ಕೆಲ್ಲ. ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಮನೆಗೆ ಭಾರ ಆಗದೇ ಪಿಎಚ್‌ಡಿ ಮಾಡಲು ಅದೊಂದು ದಾರಿ.

ಮನೆಯಲ್ಲಿ ಹೊರಗೆ ಕಳಿಸುವುದಿಲ್ಲ. ಹುಡುಗಿ ನಾನು, ಏನು ಮಾಡಲಿ?

ಜಗಳ ಆಡಬೇಡ ತಂಗಿ. ಸುಮ್ಮನೂ ಇರಬೇಡ. ಮನೆಯವರಿಗೆ ಇರುವ ಭಯ ಹೆಚ್ಚು ಕಡಿಮೆ ಮೂರೇ. ಎಲ್ಲಿ ಇರುತ್ತಾಳೆ, ಯಾರ ಜೊತೆ ಇರುತ್ತಾಳೆ, ಹೇಗೆ ಬಂದು ಹೋಗುತ್ತಾಳೆ. ಮೂರಕ್ಕೂ ಉತ್ತರ ಹಿಡಿದುಕೊಂಡು ಹೋಗು. ಹಾಸ್ಟೆಲ್ಲಿನ ವಿಳಾಸ, ವಾರ್ಡನ್ ನಂಬರು, ಅದೇ ಊರಲ್ಲಿ ಇರುವ ನಮ್ಮ ಸಂಘದ ಒಬ್ಬ ಅಕ್ಕನ ನಂಬರು. ಬೇಕಾದರೆ ಅಪ್ಪನನ್ನೂ ಕರೆದುಕೊಂಡು ಬಾ, ನಾನೇ ಮಾತಾಡುತ್ತೇನೆ. ಚಿಂಚೋಳಿಯ ಒಬ್ಬ ತಂದೆ ಒಂದು ಗಂಟೆ ನನ್ನ ಮುಂದೆ ಕೂತು ಒಂದೂ ಮಾತಾಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ನೀವೂ ಹಿಂಗೇ ಒಬ್ಬಾಕಿನೇ ಹೋಗಿದ್ರೇನವ್ವಾ?" ಅಂತ ಕೇಳಿದರು. ಹೌದ್ರಿ ಅಂದೆ. ಮುಂದಿನ ತಿಂಗಳು ಮಗಳನ್ನು ತಾವೇ ಬಿಟ್ಟು ಬಂದರು.

ಸಂದರ್ಶನಕ್ಕೆ ಓಡಾಡುವ ಖರ್ಚಿನ ಬಗ್ಗೆ ಹೆದರಬೇಡ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ರಾಜ್ಯದ ಒಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಯಾದಗಿರಿಯಿಂದ ಕಲಬುರಗಿಗೆ ಹತ್ತು ಸಲ ಬಂದು ಹೋದರೂ ದುಡ್ಡಿಲ್ಲ.

ದುಡ್ಡು ಕಟ್ಟಿದರೆ ಕೆಲಸ ಗ್ಯಾರಂಟಿ ಅನ್ನುತ್ತಾರೆ. ನಂಬಬಹುದಾ?

ಬೇಡ. ಒಂದು ರೂಪಾಯಿಯನ್ನೂ ಕಟ್ಟಬೇಡಿ.

ನಾನು ಎಂಕಾಂ ಮುಗಿಸಿದ ವರ್ಷ ಒಂದು ಏಜೆನ್ಸಿಯವರು ರಿಜಿಸ್ಟ್ರೇಶನ್ ಫೀಸು ಅಂತ ಅಪ್ಪನ ಹತ್ತಿರ 3,000 ರೂಪಾಯಿ ತೆಗೆದುಕೊಂಡರು. ಅದು ಹಮಾಲಿಯಿಂದ ಕೂಡಿಟ್ಟ ದುಡ್ಡು. ಮೂರನೇ ಸಲ ಹೋದಾಗ ಬಾಗಿಲಿಗೆ ಬೀಗ. ಅಪ್ಪ ಬೀಗ ಹಿಡಿದು ಎರಡು ಸಲ ಜಗ್ಗಿ ನೋಡಿದರು, ಏನೂ ಅನ್ನಲಿಲ್ಲ. ಸಂಬಳ ಕೊಡುವವರು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಮೂಲ ಅಂಕಪಟ್ಟಿಯನ್ನೂ ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ನಕಲು ಕೊಡಿ, ಮೂಲ ವಾಪಸ್ ಇಟ್ಟುಕೊಳ್ಳಿ.

ಎರಡು ವಿಷಯ ಪಾಸಾಗದೇ ಉಳಿದಿವೆ, ಓದಿನಲ್ಲಿ ಒಂದು ವರ್ಷ ಗ್ಯಾಪ್ ಆಗಿದೆ. ಮುಚ್ಚಿಡಲಾ?

ಮುಚ್ಚಿಡಬೇಡಿ. ಏನಾಯಿತು, ಆ ವರ್ಷ ಏನು ಮಾಡಿದಿರಿ ಅಂತ ಎರಡು ವಾಕ್ಯದಲ್ಲಿ ಹೇಳಿ. ಅಪ್ಪನಿಗೆ ಹುಷಾರಿರಲಿಲ್ಲ, ಹೊಲ ನೋಡಿಕೊಂಡೆ ಅಂದರೆ ಅದರಲ್ಲಿ ತಲೆ ತಗ್ಗಿಸುವಂಥದ್ದು ಏನಿದೆ?

ಯುವನಿಧಿ ಸಿಗುತ್ತದಾ?

ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ ಇದು. ಡಿಗ್ರಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಪಾಸಾಗಿ ಆರು ತಿಂಗಳು ಕೆಲಸ ಸಿಗದವರಿಗೆ, ಹೆಚ್ಚೆಂದರೆ ಎರಡು ವರ್ಷ. ಅರ್ಹತೆ ಇದ್ದರೆ ಹಾಕಿ. ಆ ದುಡ್ಡನ್ನು ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕಲಿಯುವುದಕ್ಕೋ, ಟೈಪಿಂಗಿಗೋ, ಪರೀಕ್ಷೆ ಫೀಸಿಗೋ ಎತ್ತಿಡಿ.

ನಿಮ್ಮನ್ನು ಭೇಟಿಯಾಗಲು ಏನು ತರಬೇಕು?

ಬಯೋಡೇಟಾದ ಎರಡು ಪ್ರತಿ, ಒಂದು ಪೆನ್ನು, ನಿಮಗೆ ಬೇಕಾದ ಕೆಲಸದ ಜಾಹೀರಾತು ಇದ್ದರೆ ಅದು. ಚೆನ್ನಾಗಿ ಒಗೆದ ಬಟ್ಟೆ ಸಾಕು, ಹೊಸದು ಕೊಳ್ಳಬೇಡಿ. ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡುತ್ತೇನೆ. ಒಬ್ಬೊಬ್ಬರಿಗೆ ಅರ್ಧ ಗಂಟೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಎರಡು ತಿಂಗಳು ಬೆಳಿಗ್ಗೆ ಏಳೂವರೆಗೇ ಬನ್ನಿ. ನೀರಿನ ಬಾಟಲಿ ತನ್ನಿ. ದೂರದ ಹಳ್ಳಿಯವರು ಬಸ್ಸಿನ ಟೈಮ್ ಮೊದಲೇ ತಿಳಿಸಿದರೆ ನಿಮ್ಮನ್ನು ಮುಂಚೆ ಕೂರಿಸಿಕೊಳ್ಳುತ್ತೇನೆ.